ಹಾಸನದ ಸಾವುಗಳು ಮತ್ತು ರಿಪೋರ್ಟಿನಲ್ಲಿ ಬರೆದ ‘ನಾರ್ಮಲ್’

2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬಂತು. ಸತ್ತವರಲ್ಲಿ ಹರೆಯದವರೂ ಇದ್ದರು. ಆಟೊ, ಕ್ಯಾಬ್ ಓಡಿಸಿ ಮನೆ ನಡೆಸುತ್ತಿದ್ದವರೂ ಇದ್ದರು. ಟಿವಿಯಲ್ಲಿ ಸತ್ತವರ ಲೆಕ್ಕ ದಿನಾ ಏರುತ್ತಲೇ ಇತ್ತು. ಹೆದರಿದ ಜನ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವಕ್ಕೇ ಸಾಲು ನಿಂತರು. ಯಾವ ತೊಂದರೆಯೂ ಇಲ್ಲದವರು ಕೂಡ ಒಂದು ಇಸಿಜಿ ಮಾಡಿಸಿಬಿಡೋಣ ಅಂತ ಬಂದಿದ್ದರು.

ಆ ಗಾಬರಿ ಈಗ ಇಳಿದಿದೆ. ಗೊಂದಲ ಮಾತ್ರ ಹಾಗೇ ಇದೆ. ಕೋವಿಡ್ ಲಸಿಕೆಯೇ ಕಾರಣ ಅನ್ನುವವರಿದ್ದಾರೆ. ಅಡುಗೆ ಎಣ್ಣೆ ಕಾರಣ ಅನ್ನುವವರಿದ್ದಾರೆ. ಕೊಲೆಸ್ಟ್ರಾಲ್ ಅನ್ನೋದೇ ಔಷಧಿ ಕಂಪನಿಗಳು ಕಟ್ಟಿದ ಕತೆ ಅಂತ ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಕಳಿಸುವವರೂ ಇದ್ದಾರೆ. ಇದರ ನಡುವೆ ಕೈಯಲ್ಲಿ ಲ್ಯಾಬ್ ರಿಪೋರ್ಟ್ ಹಿಡಿದು ಕೂತವನಿಗೆ ಯಾರನ್ನು ನಂಬಬೇಕೋ ತಿಳಿಯುವುದಿಲ್ಲ. ಹಾಗಾಗಿ ಒಂದೊಂದಾಗಿ ಬಿಡಿಸಿ ನೋಡೋಣ.

ಸಮಿತಿಗೆ ಕಂಡಿದ್ದೇನು

ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿಗೆ ಸರ್ಕಾರ ತನಿಖೆ ಒಪ್ಪಿಸಿತು. ಜುಲೈನಲ್ಲಿ ವರದಿ ಬಂತು. ಹಾಸನದಲ್ಲಿ ಹೃದಯಾಘಾತ ಅಂತ ಸುದ್ದಿಯಾಗಿದ್ದ 24 ಸಾವುಗಳಲ್ಲಿ 4 ಸಾವಿಗೆ ಹೃದಯದ ಕಾಯಿಲೆ ಕಾರಣವೇ ಆಗಿರಲಿಲ್ಲ. ಉಳಿದ 20 ಹೃದಯಕ್ಕೆ ಸಂಬಂಧಪಟ್ಟವು. ಜಿಲ್ಲೆಯಲ್ಲಿ ಹೃದಯಾಘಾತ ಹಠಾತ್ತನೆ ಏರಿದೆ ಅನ್ನೋದಕ್ಕೆ ಆಧಾರ ಸಿಗಲಿಲ್ಲ ಅಂತ ಸಮಿತಿ ಹೇಳಿತು.

ಇದನ್ನು ಕೇಳಿ ಅನೇಕರು ಸಿಟ್ಟಾದರು. ಕಣ್ಣೆದುರು ಜನ ಸಾಯುತ್ತಿರುವಾಗ ಏನೂ ಹೆಚ್ಚಾಗಿಲ್ಲ ಅಂದರೆ ಹೇಗೆ? ಆದರೆ ಆ ಮಾತಿನ ಅರ್ಥ ಸಮಾಧಾನದ್ದಲ್ಲ. ಹಾಸನದಂಥ ಜಿಲ್ಲೆಯಲ್ಲಿ ಇಷ್ಟು ಜನ ಹೃದಯಾಘಾತದಿಂದ ಸಾಯೋದು ಯಾವುದೇ ತಿಂಗಳಲ್ಲೂ ನಡೆಯುವಂಥದ್ದೇ ಅಂತ ಅದರರ್ಥ. ಆ ವರ್ಷ ಮೇ, ಜೂನ್‌ನಲ್ಲಿ ನಾವು ಎಣಿಸಿದೆವು. ಬೇರೆ ತಿಂಗಳಲ್ಲಿ ಎಣಿಸಿರಲಿಲ್ಲ. ನನಗೆ ಇದು ‘ಹಠಾತ್ ಏರಿಕೆ’ಗಿಂತ ಭಯದ ಸಂಗತಿ ಅನ್ನಿಸುತ್ತದೆ.

ಲಸಿಕೆಯ ಪ್ರಶ್ನೆ

ಜುಲೈ ಮೊದಲ ವಾರ ಮುಖ್ಯಮಂತ್ರಿ ಸಿದ್ದರಾಮಯ್ಯ, ಅವಸರದಲ್ಲಿ ಒಪ್ಪಿಗೆ ಕೊಟ್ಟ ಕೋವಿಡ್ ಲಸಿಕೆಯೂ ಕಾರಣವಿರಬಹುದು ಎಂಬ ಅನುಮಾನ ಮುಂದಿಟ್ಟರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ತಳ್ಳಿಹಾಕಿತು. ವಿಷಯ ರಾಜಕೀಯಕ್ಕೆ ತಿರುಗಿತು, ಜನರ ಗೊಂದಲ ಇನ್ನೂ ಹೆಚ್ಚಿತು.

ಅಧ್ಯಯನ ಏನು ಹೇಳುತ್ತದೆ ಅಂತ ನೋಡಿದರೆ ಚಿತ್ರ ಸ್ಪಷ್ಟವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 19 ರಾಜ್ಯಗಳ 47 ಆಸ್ಪತ್ರೆಗಳ ಮೂಲಕ 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಪರಿಶೀಲಿಸಿತು. ಲಸಿಕೆ ಹಾಕಿಸಿಕೊಂಡವರಲ್ಲಿ ಸಾವಿನ ಅಪಾಯ ಜಾಸ್ತಿ ಆಗಿರಲಿಲ್ಲ. ಅಪಾಯ ಹೆಚ್ಚಿಸಿದ್ದು ಬೇರೆ ಸಂಗತಿಗಳು: ಮನೆತನದಲ್ಲಿ ಹಠಾತ್ ಸಾವು ಆಗಿರುವುದು, ಕೋವಿಡ್ ಬಂದು ಆಸ್ಪತ್ರೆ ಸೇರಿದ್ದು, ಒಮ್ಮೆಗೇ ವಿಪರೀತ ಕುಡಿಯುವುದು, ಭಾರಿ ಶ್ರಮ. ರವೀಂದ್ರನಾಥ್ ಸಮಿತಿಯೂ ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಾಣಲಿಲ್ಲ ಅಂದಿತು.

ಜಯದೇವದಲ್ಲಿ ಚಿಕಿತ್ಸೆ ಪಡೆದ 251 ಹೃದ್ರೋಗಿಗಳನ್ನು ಸಮಿತಿ ಪರಿಶೀಲಿಸಿತ್ತು. ಅವರಲ್ಲಿ 111 ಮಂದಿ ಬೀಡಿ, ಸಿಗರೇಟು ಸೇದುವವರು. 102 ಮಂದಿಗೆ ಬಿಪಿ, 87 ಮಂದಿಗೆ ಶುಗರ್, 40 ಮಂದಿಗೆ ಮನೆತನದ ಹೃದ್ರೋಗದ ಹಿನ್ನೆಲೆ. ಕೊಲೆಸ್ಟ್ರಾಲ್ ಜಾಸ್ತಿ ಇದ್ದವರು ಬರೀ 35.

ಈ 35ರ ಲೆಕ್ಕ ಹಿಡಿದುಕೊಂಡು, ‘ನೋಡಿ, ಕೊಲೆಸ್ಟ್ರಾಲ್ ಕಾರಣವೇ ಅಲ್ಲ’ ಅನ್ನಬಹುದು ಅಲ್ವಾ? ಇಲ್ಲೇ ಎಡವುವುದು. ಅದು ಯಾಕೆ ಅಂತ ತಿಳಿಯಬೇಕಾದರೆ ಕಾಯಿಲೆ ಹೇಗೆ ಬೆಳೆಯುತ್ತದೆ ಅನ್ನೋದನ್ನು ಮೊದಲು ನೋಡಬೇಕು.

ನಾಳದ ಗೋಡೆಯೊಳಗೆ

ಕೊಲೆಸ್ಟ್ರಾಲ್ ವಿಷವಲ್ಲ. ಜೀವಕೋಶದ ಹೊದಿಕೆಗೆ ಬೇಕು, ಹಾರ್ಮೋನಿಗೆ ಬೇಕು, ಪಿತ್ತರಸಕ್ಕೂ ಬೇಕು. ಬೇಕಾದಷ್ಟನ್ನು ನಮ್ಮ ಪಿತ್ತಜನಕಾಂಗವೇ, ಅಂದರೆ ಲಿವರ್, ಬಹುಪಾಲು ತಯಾರಿಸುತ್ತದೆ. ತೊಂದರೆ ಇರುವುದು ಸಾಗಣೆಯಲ್ಲಿ. ಕೊಬ್ಬು ನೀರಿನಲ್ಲಿ ಬೆರೆಯಲ್ಲ. ರಕ್ತದಲ್ಲಿ ಹಾಗೇ ತೇಲಿ ಹೋಗಲು ಆಗಲ್ಲ. ಅದಕ್ಕೇ ದೇಹ ಅದನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಕಳಿಸುತ್ತದೆ. ಆ ಪೊಟ್ಟಣಗಳಲ್ಲಿ ಒಂದು ಬಗೆಯೇ ಎಲ್‌ಡಿಎಲ್.

ರಕ್ತದಲ್ಲಿ ಎಲ್‌ಡಿಎಲ್ ಪೊಟ್ಟಣ ಹೆಚ್ಚಾದಷ್ಟೂ ರಕ್ತನಾಳದ ಒಳಪದರ ದಾಟಿ ಗೋಡೆಯೊಳಗೆ ನುಸುಳುವುದು ಹೆಚ್ಚುತ್ತದೆ. ಬಿಪಿ, ಬೀಡಿ ಹೊಗೆ, ಶುಗರ್ ಆ ಒಳಪದರವನ್ನು ಕೆಡಿಸಿ ದಾರಿ ಸಲೀಸು ಮಾಡಿಕೊಡುತ್ತವೆ. ಒಳಗೆ ಸಿಕ್ಕಿಕೊಂಡ ಕೊಬ್ಬನ್ನು ನುಂಗಲು ರಕ್ಷಣೆಯ ಕೋಶಗಳು ಬರುತ್ತವೆ, ನುಂಗಿ ಅಲ್ಲೇ ಸಾಯುತ್ತವೆ. ವರ್ಷಗಟ್ಟಲೆ ಹೀಗೇ ನಡೆದು ಗೋಡೆಯಲ್ಲಿ ಒಂದು ಗಂಟು ಬೆಳೆಯುತ್ತದೆ. ಒಳಗೆ ಮೆತ್ತನೆಯ ಕೊಬ್ಬು, ಮೇಲೆ ತೆಳ್ಳನೆಯ ಮುಚ್ಚಳ. ಕೀವು ತುಂಬಿದ ಕುರುವಿನ ಹಾಗೆ.

ಒಂದು ದಿನ ಆ ಮುಚ್ಚಳ ಹರಿಯುತ್ತದೆ. ಗಾಯ ಆಯಿತು ಅಂದುಕೊಂಡು ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ನಾಳವನ್ನು ಮುಚ್ಚಿದರೆ ಅದರಿಂದಾಚೆಯ ಹೃದಯದ ಮಾಂಸಕ್ಕೆ ರಕ್ತವಿಲ್ಲ. ಇದೇ ಹಾರ್ಟ್ ಅಟ್ಯಾಕ್. ಮುಚ್ಚಳ ಹರಿದು ನಾಳ ಕಟ್ಟಿಕೊಳ್ಳಲು ನಿಮಿಷಗಳು ಸಾಕು. ಗಂಟು ಬೆಳೆಯಲು ಇಪ್ಪತ್ತು, ಮೂವತ್ತು ವರ್ಷ ಬೇಕು. ನಲವತ್ತಕ್ಕೆ ಕುಸಿದು ಬಿದ್ದವರ ಕಾಯಿಲೆ ಬಹಳ ಸಲ ಕಾಲೇಜು ದಿನಗಳಲ್ಲೇ ಶುರುವಾಗಿರುತ್ತದೆ.

ಹಾಗಾಗಿ ಎಲ್‌ಡಿಎಲ್ ಎಷ್ಟಿದೆ ಅನ್ನೋದರ ಜೊತೆ ಎಷ್ಟು ವರ್ಷದಿಂದ ಇದೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಸಾಲಕ್ಕೆ ಬಡ್ಡಿ ಕೂಡುವ ಹಾಗೆ ಇದೂ ಕೂಡುತ್ತಾ ಹೋಗುತ್ತದೆ.

ಇಸಿಜಿಗೆ ಕಾಣದ್ದು

ಜಯದೇವದ ಮುಂದೆ ನಿಂತ ಸಾಲಿನ ಕಡೆ ಈಗ ತಿರುಗಿ ನೋಡಿ. ಅಲ್ಲಿ ಹೆಚ್ಚಿನವರಿಗೆ ಬೇಕಿದ್ದದ್ದು ಇಸಿಜಿ. ಇಸಿಜಿ ತೋರಿಸುವುದು ಹೃದಯದ ವಿದ್ಯುತ್ ಚಟುವಟಿಕೆಯನ್ನು. ಈಗ ಅಟ್ಯಾಕ್ ಆಗುತ್ತಿದ್ದರೆ, ಹಿಂದೆ ಆಗಿ ಗುರುತು ಉಳಿದಿದ್ದರೆ, ಬಡಿತದ ಲಯ ತಪ್ಪಿದ್ದರೆ ಅದಕ್ಕೆ ಗೊತ್ತಾಗುತ್ತದೆ. ನಾಳದ ಗೋಡೆಯಲ್ಲಿ ಬೆಳೆಯುತ್ತಿರುವ ಗಂಟು ಅದಕ್ಕೆ ಕಾಣಲ್ಲ. ಅರ್ಧ ನಾಳ ಕಟ್ಟಿಕೊಂಡವರ ಇಸಿಜಿ ಕೂಡ ಸುಮ್ನೆ ಮಲಗಿದಾಗ ಸರಿಯಾಗೇ ಬರಬಹುದು.

ಓಡಿಸಿ ನೋಡುವ ಟಿಎಂಟಿ ಪರೀಕ್ಷೆಗೂ ಮಿತಿ ಇದೆ. ನಾಳ ಸಾಕಷ್ಟು ಕಿರಿದಾಗಿದ್ದರೆ ಮಾತ್ರ ಅದು ಹಿಡಿಯುತ್ತದೆ. ಆದರೆ ಅಟ್ಯಾಕ್ ಮಾಡುವ ಗಂಟು ದೊಡ್ಡದೇ ಆಗಿರಬೇಕು ಅಂತಿಲ್ಲ. ಸಣ್ಣ ಗಂಟು ಹರಿದರೂ ಹೆಪ್ಪು ಕಟ್ಟುತ್ತದೆ. ‘ಹೋದ ತಿಂಗಳಷ್ಟೇ ಎಲ್ಲಾ ಟೆಸ್ಟ್ ಮಾಡಿಸಿದ್ದರು, ಏನೂ ಇರಲಿಲ್ಲ’ ಅಂತ ಸಾವಿನ ಮನೆಯಲ್ಲಿ ಕೇಳಿಬರುವ ಮಾತಿಗೆ ಬಹಳ ಸಲ ಇದೇ ಕಾರಣ.

ಎದೆನೋವು ಇದ್ದವರಿಗೆ ಇಸಿಜಿ ಪ್ರಾಣ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಏನೂ ತೊಂದರೆ ಇಲ್ಲದವರು ಮೊದಲು ತಿಳಿಯಬೇಕಾದದ್ದು ಬೇರೆ: ಬಿಪಿ, ಶುಗರ್, ಸೊಂಟದ ಸುತ್ತಳತೆ, ಮತ್ತು ಲಿಪಿಡ್ ಪ್ರೊಫೈಲ್ ಎಂಬ ರಕ್ತ ಪರೀಕ್ಷೆ. ಇವು ಹಾಸನ ಬಿಟ್ಟು ಹೋಗದೆಯೇ ಆಗುವ ಪರೀಕ್ಷೆಗಳು.

ಒಂದು ರಿಪೋರ್ಟ್ ಓದೋಣ

ಹೀಗೊಂದು ರಿಪೋರ್ಟ್ ಇದೆ ಅಂತ ಇಟ್ಟುಕೊಳ್ಳಿ. 46 ವರ್ಷದ ಕ್ಯಾಬ್ ಚಾಲಕ. ಐದು ವರ್ಷದಿಂದ ಶುಗರ್ ಇದೆ. ಒಟ್ಟು ಕೊಲೆಸ್ಟ್ರಾಲ್ 188 (ಇಲ್ಲಿಯ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಅಂತ). ಎಚ್‌ಡಿಎಲ್, ಅಂದರೆ ‘ಒಳ್ಳೆಯ ಕೊಲೆಸ್ಟ್ರಾಲ್’ ಅನ್ನುವ ಬಗೆ, 32. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು, 240. ಎಲ್‌ಡಿಎಲ್ 108.

ರಿಪೋರ್ಟಿನ ಮೊದಲ ಸಾಲಿನಲ್ಲಿ ಒಟ್ಟು ಕೊಲೆಸ್ಟ್ರಾಲ್ ಇರುತ್ತದೆ. ಪಕ್ಕದಲ್ಲಿ 200ಕ್ಕಿಂತ ಕಡಿಮೆ ಇದ್ದರೆ ನಾರ್ಮಲ್ ಅಂತ ಮುದ್ರಿಸಿರುತ್ತಾರೆ. ಇವರದ್ದು 188. ನಾರ್ಮಲ್! ರಿಪೋರ್ಟ್ ಮಡಚಿ ಜೇಬಿಗೆ ಇಟ್ಟುಕೊಂಡು ಮನೆಗೆ ಹೋಗುತ್ತಾರೆ.

ಈಗ ಒಂದು ಸಣ್ಣ ಲೆಕ್ಕ ಮಾಡಿ. ಒಟ್ಟು ಕೊಲೆಸ್ಟ್ರಾಲಿನಲ್ಲಿ ಎಚ್‌ಡಿಎಲ್ ಕಳೆಯಿರಿ. 188ರಲ್ಲಿ 32 ಹೋದರೆ 156. ಇದಕ್ಕೆ ನಾನ್-ಎಚ್‌ಡಿಎಲ್ ಅಂತ ಹೆಸರು. ನಾಳದ ಗೋಡೆಗೆ ನುಸುಳಬಲ್ಲ ಎಲ್ಲಾ ಬಗೆಯ ಪೊಟ್ಟಣಗಳ ಕೊಲೆಸ್ಟ್ರಾಲ್ ಇದರಲ್ಲಿ ಸೇರಿರುತ್ತದೆ. ಇದಕ್ಕೆ ಬೇರೆ ಪರೀಕ್ಷೆ ಬೇಡ, ಬೇರೆ ದುಡ್ಡೂ ಬೇಡ.

ಈ 156 ಸರಿಯೋ ತಪ್ಪೋ? ಭಾರತೀಯ ಹೃದ್ರೋಗ ತಜ್ಞರ ಸಂಘ ನಮ್ಮ ದೇಶಕ್ಕೆ ಅಂತಲೇ ಮಾಡಿದ ಮೊದಲ ಮಾರ್ಗಸೂಚಿಯನ್ನು 2024ರ ಜುಲೈನಲ್ಲಿ ಹೊರತಂದಿತು. ಅದರ ಪ್ರಕಾರ ಎಲ್ಲರಿಗೂ ಒಂದೇ ‘ನಾರ್ಮಲ್’ ಇಲ್ಲ. ಅಪಾಯ ಕಡಿಮೆ ಇರುವವರ ಎಲ್‌ಡಿಎಲ್ 100ರ ಒಳಗೆ, ನಾನ್-ಎಚ್‌ಡಿಎಲ್ 130ರ ಒಳಗೆ ಇರಬೇಕು. ಶುಗರ್, ಬಿಪಿಯಂಥ ತೊಂದರೆ ಇದ್ದು ಅಪಾಯ ಹೆಚ್ಚಿರುವವರಿಗೆ ಇವು 70 ಮತ್ತು 100. ಈಗಾಗಲೇ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಆದವರಿಗೆ 55 ಮತ್ತು 85.

ನಮ್ಮ ಚಾಲಕರಿಗೆ ಶುಗರ್ ಇದೆ. ಅವರ ಗುರಿ 70 ಮತ್ತು 100. ಇರುವುದು 108 ಮತ್ತು 156. ನಾರ್ಮಲ್ ಅಂತ ಬರೆದ ಅದೇ ಹಾಳೆಯಲ್ಲಿ ಅಪಾಯವೂ ಬರೆದಿದೆ. ಓದಿ ಹೇಳುವವರು ಬೇಕು, ಅಷ್ಟೇ.

ಹಿಂದೆ ಬಿಟ್ಟು ಬಂದ 35ಕ್ಕೆ ಈಗ ಹಿಂತಿರುಗಬಹುದು. 251ರಲ್ಲಿ ಬರೀ 35 ಮಂದಿಗೆ ‘ಕೊಲೆಸ್ಟ್ರಾಲ್ ಜಾಸ್ತಿ’ ಅಂತ ಕಂಡಿದ್ದರೆ ಉಳಿದವರ ನಾಳಕ್ಕೆ ಕೊಬ್ಬು ನುಸುಳಿಲ್ಲ ಅಂತಲ್ಲ. ಜಾಸ್ತಿ ಅನ್ನೋದು ಯಾವ ಗೆರೆಯ ಮೇಲೆ ನಿಂತಿದೆ ಅನ್ನೋದು ಮುಖ್ಯ. ಜೊತೆಗೆ ಅಟ್ಯಾಕ್ ಆದ ಒಂದೆರಡು ದಿನದಲ್ಲಿ ಎಲ್‌ಡಿಎಲ್ ತಾನಾಗಿಯೇ ಇಳಿಯುತ್ತದೆ. ಆಗ ತೆಗೆದ ರಕ್ತ ಹಿಂದಿನ ಕತೆಯನ್ನು ಪೂರ್ತಿ ಹೇಳಲ್ಲ. ಮೊದಲು ಎಂದೂ ಪರೀಕ್ಷೆ ಮಾಡಿಸದವರು ‘ನನಗೆ ಕೊಲೆಸ್ಟ್ರಾಲ್ ಇಲ್ಲ’ ಅಂತಲೇ ಹೇಳುತ್ತಾರೆ.

ಇದೇ ಮಾರ್ಗಸೂಚಿಯಲ್ಲಿ ಇನ್ನೊಂದು ಒಳ್ಳೆಯ ಮಾತಿದೆ. ಮೊದಲ ಬಾರಿ ನೋಡುವಾಗ ಖಾಲಿ ಹೊಟ್ಟೆಯೇ ಬೇಕು ಅಂತಿಲ್ಲ. ಬೆಳಗ್ಗೆ ಐದಕ್ಕೇ ಗಾಡಿ ತೆಗೆಯುವವರಿಗೆ, ತೋಟದ ಕೆಲಸಕ್ಕೆ ಹೋಗುವವರಿಗೆ ಹನ್ನೆರಡು ಗಂಟೆ ಉಪವಾಸ ಇದ್ದು ಲ್ಯಾಬಿಗೆ ಹೋಗುವುದೇ ದೊಡ್ಡ ಅಡ್ಡಿ. ಆ ಅಡ್ಡಿ ಈಗಿಲ್ಲ. ಟ್ರೈಗ್ಲಿಸರೈಡ್ ತುಂಬಾ ಜಾಸ್ತಿ ಬಂದರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ನೋಡಿದರಾಯಿತು. ಮೊದಲ ಪರೀಕ್ಷೆ 18ನೇ ವಯಸ್ಸಿಗೇ ಆಗಲಿ ಅನ್ನುತ್ತದೆ ಸಂಘ.

ನಮ್ಮವರ ಲೆಕ್ಕ ಬೇರೆ

52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಆಗುತ್ತದೆ ಅಂತ ಅದರಿಂದ ತಿಳಿಯಿತು. ನಮ್ಮ ರಕ್ತದಲ್ಲೇನೋ ನಿಗೂಢ ಇದೆ ಅಂತಲ್ಲ. ಅದೇ ಬೀಡಿ, ಅದೇ ಬಿಪಿ, ಅದೇ ಕೊಬ್ಬು ನಮ್ಮವರಿಗೆ ಚಿಕ್ಕ ವಯಸ್ಸಿನಲ್ಲೇ ಅಂಟಿಕೊಂಡಿರುತ್ತದೆ.

ನಮ್ಮ ಕೊಬ್ಬಿನ ಸ್ವರೂಪವೂ ಬೇರೆ. ಐಸಿಎಂಆರ್‌ನ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ವಯಸ್ಕರಲ್ಲಿ ನೂರಕ್ಕೆ 81 ಮಂದಿಗೆ ರಕ್ತದ ಕೊಬ್ಬಿನಲ್ಲಿ ಏನಾದರೊಂದು ಏರುಪೇರು ಇತ್ತು. ಆದರೆ ಎಲ್‌ಡಿಎಲ್ ಜಾಸ್ತಿ ಇದ್ದವರು ನೂರಕ್ಕೆ 21ರಷ್ಟು. ಟ್ರೈಗ್ಲಿಸರೈಡ್ ಜಾಸ್ತಿ ಇದ್ದವರು 32. ಎಚ್‌ಡಿಎಲ್ ಕಡಿಮೆ ಇದ್ದವರು 67. ಮೇಲೆ ನೋಡಿದ ಚಾಲಕರ ರಿಪೋರ್ಟ್ ಇದೇ ಅಚ್ಚಿನದ್ದು. ಒಟ್ಟು ಮೊತ್ತ ದೊಡ್ಡದಿರಲ್ಲ, ಒಳಗಿನ ಹಂಚಿಕೆ ಕೆಟ್ಟಿರುತ್ತದೆ.

ಇದರ ಜೊತೆ ಲೈಪೊಪ್ರೋಟೀನ್-ಎ ಎಂಬ ಇನ್ನೊಂದು ಕಣ ಇದೆ. ಹುಟ್ಟಿನಿಂದಲೇ ಇಷ್ಟು ಅಂತ ನಿಗದಿಯಾಗಿರುತ್ತದೆ. ಊಟ, ನಡಿಗೆ ಯಾವುದಕ್ಕೂ ಅಷ್ಟಾಗಿ ಬಗ್ಗಲ್ಲ. ಭಾರತದಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಇದು 50 ಮಿಲಿಗ್ರಾಂ ದಾಟಿರುತ್ತದೆ ಅಂತ ಹೃದ್ರೋಗ ತಜ್ಞರ ಸಂಘ ಹೇಳುತ್ತದೆ. ಜೀವನದಲ್ಲಿ ಒಮ್ಮೆ ನೋಡಿದರೆ ಸಾಕು. ಜಾಸ್ತಿ ಇದ್ದವರು ಉಳಿದ ಎಲ್ಲದರಲ್ಲೂ ಹೆಚ್ಚು ಬಿಗಿಯಾಗಿರಬೇಕು.

ತುಪ್ಪ, ಮೊಟ್ಟೆ, ಮತ್ತೆ ಕಾಫಿ

ಊಟದ ವಿಷಯದಲ್ಲಿ ಸಲಹೆಗಳು ಬದಲಾಗುತ್ತಲೇ ಬಂದಿವೆ. ಜನಕ್ಕೆ ನಂಬಿಕೆ ಕಡಿಮೆಯಾದದ್ದು ಅದರಿಂದಲೇ ಇರಬಹುದು. ಒಂದು ಕಾಲಕ್ಕೆ ಮೊಟ್ಟೆ ಮುಟ್ಟಬೇಡಿ ಅಂದರು. ಆಮೇಲೆ ತಿನ್ನಿ ಅಂದರು. ಕಾರಣ ಇಷ್ಟೇ. ನಾವು ತಿನ್ನುವ ಕೊಲೆಸ್ಟ್ರಾಲ್ ರಕ್ತದ ಕೊಲೆಸ್ಟ್ರಾಲನ್ನು ಹೆಚ್ಚಿನವರಲ್ಲಿ ಸ್ವಲ್ಪವೇ ಏರಿಸುತ್ತದೆ. ಅದಕ್ಕಿಂತ ಜಾಸ್ತಿ ಏರಿಸುವುದು ತಣ್ಣಗಾದರೆ ಗಟ್ಟಿಯಾಗುವ ಕೊಬ್ಬು. ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವ ಕೊಕ್ಕೆಗಳು ಲಿವರ್‌ನಲ್ಲಿವೆ. ಈ ಗಟ್ಟಿ ಕೊಬ್ಬು ಆ ಕೊಕ್ಕೆಗಳನ್ನು ಕಡಿಮೆ ಮಾಡುತ್ತದೆ. ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಾ ಉಳಿಯುತ್ತದೆ.

ಈ ಲೆಕ್ಕದಲ್ಲಿ ಬೆಣ್ಣೆ, ತುಪ್ಪ, ಹಂದಿ ಮಾಂಸದ ಕೊಬ್ಬು, ತಾಳೆ ಎಣ್ಣೆ, ಕೊಬ್ಬರಿ ಎಣ್ಣೆ ಎಲ್ಲವೂ ಬರುತ್ತವೆ. ತಾಳೆ ಎಣ್ಣೆಯ ಸುಮಾರು ಅರ್ಧ ಭಾಗ ಇಂಥ ಕೊಬ್ಬು. ಕೊಬ್ಬರಿ ಎಣ್ಣೆಯಲ್ಲಿ ಇನ್ನೂ ಜಾಸ್ತಿ, ಹತ್ತಿರ ಹತ್ತಿರ ಹತ್ತರಲ್ಲಿ ಒಂಬತ್ತು ಭಾಗ. ‘ನಮ್ಮ ಅಜ್ಜಂದಿರು ತುಪ್ಪ ತಿಂದು ತೊಂಬತ್ತು ವರ್ಷ ಬದುಕಿದರು’ ಅನ್ನುವ ಮಾತು ಮಲೆನಾಡಿನಲ್ಲಿ ಮನೆಮನೆಯಲ್ಲೂ ಇದೆ. ಅವರು ಗುಡ್ಡ ಹತ್ತಿ ಇಳಿದು ಗೇದರು, ಹೊಗೆಸೊಪ್ಪು ಬಿಟ್ಟರೆ ದಿನಕ್ಕೆರಡು ಪ್ಯಾಕು ಸಿಗರೇಟು ಸೇದಲಿಲ್ಲ. ಜೊತೆಗೆ ತೊಂಬತ್ತು ತಲುಪಿದವರು ನೆನಪಿನಲ್ಲಿ ಉಳಿಯುತ್ತಾರೆ. ಐವತ್ತಕ್ಕೆ ಎದೆ ಹಿಡಿದುಕೊಂಡು ಹೋದವರ ಸಾವಿಗೆ ಆಗ ಹೆಸರೂ ಇರಲಿಲ್ಲ. ಅನ್ನಕ್ಕೆ ಒಂದು ಚಮಚ ತುಪ್ಪ ಬೇರೆ, ತುಪ್ಪವೇ ಔಷಧಿ ಅಂತ ಬೆಳಗ್ಗೆ ಎದ್ದು ಕುಡಿಯುವುದು ಬೇರೆ.

ಬೇಕರಿ ತಿಂಡಿಗಳ ಹಳೆಯ ಶತ್ರು ವನಸ್ಪತಿಯಲ್ಲಿದ್ದ ಟ್ರಾನ್ಸ್ ಕೊಬ್ಬು. 2022ರ ಜನವರಿಯಿಂದ ಎಣ್ಣೆ, ಕೊಬ್ಬಿನಲ್ಲಿ ಅದು ನೂರಕ್ಕೆ 2ಕ್ಕಿಂತ ಹೆಚ್ಚಿರಬಾರದು ಅಂತ ದೇಶದಲ್ಲಿ ನಿಯಮ ಬಂದಿದೆ. ಇದು ದೊಡ್ಡ ಸುಧಾರಣೆ. ಆದರೆ ಪಫ್ಸ್‌ಗೆ ಪದರ ಬರಬೇಕಾದರೆ ಗಟ್ಟಿ ಕೊಬ್ಬು ಬೇಕೇ ಬೇಕು. ಟ್ರಾನ್ಸ್ ಹೋದ ಜಾಗಕ್ಕೆ ತಾಳೆ ಎಣ್ಣೆ ಬಂದರೆ ಲಾಭ ಅರ್ಧವೇ.

ಟ್ರೈಗ್ಲಿಸರೈಡ್ ಏರುವ ದಾರಿ ಬೇರೆ. ಅಲ್ಲಿ ತಪ್ಪಿತಸ್ಥರು ಸಕ್ಕರೆ, ಅನ್ನದ ಗುಡ್ಡೆ, ಮದ್ಯ, ಹೊಟ್ಟೆಯ ಬೊಜ್ಜು. ಮುದ್ದೆ ಆರೋಗ್ಯಕ್ಕೆ ಒಳ್ಳೆಯದು ಅಂತ ಎರಡು ದೊಡ್ಡ ಮುದ್ದೆ ಉಂಡು ಮಲಗಿದರೆ ಅದೂ ಹಿಟ್ಟೇ. ಮುದ್ದೆಯ ಗಾತ್ರ ಸಣ್ಣದಾಗಿ, ಬಸ್ಸಾರಿನ ಸೊಪ್ಪು ಕಾಳಿನ ಪಲ್ಯ ತಟ್ಟೆಯಲ್ಲಿ ದೊಡ್ಡದಾಗಲಿ. ಅವರೆ, ಹುರುಳಿ, ಅಲಸಂದೆಯಲ್ಲಿ ನೀರಲ್ಲಿ ಕರಗುವ ನಾರು ಇದೆ. ಅದು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸ ಮಾಡಲು ಲಿವರ್ ರಕ್ತದ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳುತ್ತದೆ. ಹಾಸನದ ಹಳ್ಳಿಯ ಊಟದಲ್ಲಿ ಇದೆಲ್ಲ ಹಿಂದಿನಿಂದಲೂ ಇದೆ. ಓಟ್ಸ್ ಡಬ್ಬಿ ಕೊಳ್ಳಲೇಬೇಕು ಅಂತಿಲ್ಲ.

ಕಾಫಿಯ ಮಾತು ಆಡದೆ ಹಾಸನ, ಚಿಕ್ಕಮಗಳೂರಿನ ಬಗ್ಗೆ ಬರೆಯಲಾಗದು. ಕಾಫಿಯ ಎಣ್ಣೆಯಂಶದಲ್ಲಿ ಕೆಫೆಸ್ಟಾಲ್ ಎಂಬ ವಸ್ತು ಇದೆ. ಅದು ಎಲ್‌ಡಿಎಲ್ ಏರಿಸುತ್ತದೆ. ರೊಬಸ್ಟಾಗಿಂತ ಅರೇಬಿಕಾದಲ್ಲಿ ಜಾಸ್ತಿ. ಪುಡಿಯನ್ನು ನೀರಿಗೆ ಹಾಕಿ ಕುದಿಸಿ, ಸೋಸದೆ ಚರಟ ತಳಕ್ಕೆ ಇಳಿದ ಮೇಲೆ ಬಗ್ಗಿಸಿದರೆ ಆ ಎಣ್ಣೆಯೆಲ್ಲ ಲೋಟಕ್ಕೆ ಬರುತ್ತದೆ. ಕಾಗದದ ಫಿಲ್ಟರ್ ಅದನ್ನು ಬಹುಪಾಲು ಹಿಡಿದಿಡುತ್ತದೆ. ನಮ್ಮ ಸ್ಟೀಲ್ ಫಿಲ್ಟರಿನ ತೂತುಗಳು ಕಾಗದದಷ್ಟು ಹಿಡಿಯುವುದಿಲ್ಲ. ದಿನಕ್ಕೆ ಎರಡು ಲೋಟ ಕುಡಿಯುವವರು ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಲ್‌ಡಿಎಲ್ ಇಳಿಯುತ್ತಲೇ ಇಲ್ಲ, ದಿನಕ್ಕೆ ಆರೇಳು ಲೋಟ ಕುದಿಸಿದ ಕಾಫಿ ಆಗುತ್ತಿದೆ ಅನ್ನುವವರು ಡಾಕ್ಟರಿಗೆ ಅದನ್ನೂ ಹೇಳಬೇಕು. ಪ್ರತಿ ಲೋಟದ ಎರಡೆರಡು ಚಮಚ ಸಕ್ಕರೆಯ ಲೆಕ್ಕವೂ ಸೇರಲಿ.

ಮಾತ್ರೆಯ ಜಗಳ

ಊಟ, ನಡಿಗೆಯಿಂದ ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿಯುತ್ತದೆ. ಎಲ್‌ಡಿಎಲ್ ಇಳಿಯುವುದು ಸ್ವಲ್ಪವೇ. ಅಪಾಯ ಹೆಚ್ಚಿರುವವರಿಗೆ ಅಷ್ಟು ಸಾಲದು. ಆಗ ಸ್ಟ್ಯಾಟಿನ್ ಮಾತ್ರೆಯ ಮಾತು ಬರುತ್ತದೆ. ಜಗಳವೂ ಅಲ್ಲೇ ಶುರುವಾಗುತ್ತದೆ.

ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಒಂದು ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ಕಂಡುಹಿಡಿದರು. ಮೊದಲ ಮಾತ್ರೆ 1987ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳ ಅಧ್ಯಯನ ಹೊರಬಿತ್ತು. ಮಾತ್ರೆ ತೆಗೆದುಕೊಂಡವರಲ್ಲಿ ಸಾವು ನೂರಕ್ಕೆ 30ರಷ್ಟು ಕಡಿಮೆಯಾಗಿತ್ತು. ಆಮೇಲೆ ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಸಿಕ್ಕ ಲೆಕ್ಕ ಇದು: ಎಲ್‌ಡಿಎಲ್ 39 ಮಿಲಿಗ್ರಾಂ ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಅನಾಹುತ ಐದರಲ್ಲಿ ಒಂದು ಪಾಲು ತಪ್ಪುತ್ತದೆ. ಕಟ್ಟುಕತೆಗೆ ಇಷ್ಟು ಸಾಕ್ಷಿ ಇರಲ್ಲ.

ಮಾತ್ರೆ ಮಾಡುವುದೇನು? ಲಿವರ್ ಒಳಗೆ ಕೊಲೆಸ್ಟ್ರಾಲ್ ತಯಾರಿಯನ್ನು ಕಡಿಮೆ ಮಾಡುತ್ತದೆ. ಕೊರತೆ ಬಿದ್ದ ಲಿವರ್ ಕೊಕ್ಕೆಗಳನ್ನು ಹೆಚ್ಚಿಸಿ ರಕ್ತದಿಂದ ಎಳೆದುಕೊಳ್ಳುತ್ತದೆ. ನಾಳದ ಗಂಟಿನ ಮುಚ್ಚಳವೂ ಗಟ್ಟಿಯಾಗುತ್ತದೆ. ಹರಿಯುವ ಸಾಧ್ಯತೆ ಇಳಿಯುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ನಿಲ್ಲಿಸಬಾರದು ಅನ್ನೋದು ಇದಕ್ಕೇ. ಸ್ಟೆಂಟ್ ಒಂದು ಜಾಗವನ್ನು ಮಾತ್ರ ತೆರೆಯುತ್ತದೆ. ಉಳಿದ ನಾಳದ ತುಂಬ ಇರುವ ಸಣ್ಣ ಗಂಟುಗಳಿಗೆ ಮಾತ್ರೆಯೇ ಕಾವಲು.

ಅಡ್ಡಪರಿಣಾಮ ಇಲ್ಲವೇ? ಇದೆ. ಕೆಲವರಿಗೆ ಮಾಂಸಖಂಡದ ನೋವು ಬರುತ್ತದೆ. ಶುಗರ್ ಸ್ವಲ್ಪ ಏರಬಹುದು. ತೀರಾ ಅಪರೂಪಕ್ಕೆ ಮಾಂಸಖಂಡಕ್ಕೆ ಜೋರಾದ ಹಾನಿಯಾಗಿ ಮೂತ್ರ ಕಪ್ಪಗಾಗುತ್ತದೆ. ಆಗ ತಕ್ಷಣ ಡಾಕ್ಟರ್ ಹತ್ತಿರ ಹೋಗಬೇಕು. ಆದರೆ ನೋವಿನ ವಿಷಯದಲ್ಲಿ ಬ್ರಿಟನ್ನಿನ ಒಂದು ಪ್ರಯೋಗ ಕಣ್ಣು ತೆರೆಸುವಂಥದ್ದು. ನೋವಿನಂಥ ತೊಂದರೆ ಅಂತ ಸ್ಟ್ಯಾಟಿನ್ ಬಿಟ್ಟಿದ್ದ 60 ಜನಕ್ಕೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಔಷಧಿಯೇ ಇಲ್ಲದ ಹುಸಿ ಮಾತ್ರೆ, ಕೆಲವು ತಿಂಗಳು ಏನೂ ಕೊಡಲಿಲ್ಲ. ಯಾವುದು ಯಾವ ಮಾತ್ರೆ ಅಂತ ಅವರಿಗೆ ಗೊತ್ತಿರಲಿಲ್ಲ. ಸ್ಟ್ಯಾಟಿನ್ ತಿಂಗಳಲ್ಲಿ ಬಂದ ತೊಂದರೆಯ ಹತ್ತರಲ್ಲಿ ಒಂಬತ್ತು ಪಾಲು ಹುಸಿ ಮಾತ್ರೆಯ ತಿಂಗಳಲ್ಲೂ ಬಂತು. ನೋವು ಸುಳ್ಳಲ್ಲ, ನಿಜವಾಗಿಯೇ ನೋಯುತ್ತಿತ್ತು. ಮಾತ್ರೆ ನುಂಗುತ್ತಿದ್ದೇನೆ ಅನ್ನುವ ಭಯವೇ ಬಹುಪಾಲು ಅದನ್ನು ತರುತ್ತಿತ್ತು.

ಹಾಗಂತ ಎಲ್ಲರಿಗೂ ಮಾತ್ರೆ ಬೇಕು ಅಂತಲ್ಲ. ವೈದ್ಯರ ನಡುವೆ ನಿಜವಾದ ಭಿನ್ನಾಭಿಪ್ರಾಯ ಇರುವುದು ಇಲ್ಲೇ. ಬೀಡಿ ಇಲ್ಲ, ಶುಗರ್ ಇಲ್ಲ, ಬಿಪಿ ಇಲ್ಲ, ಮನೆತನದಲ್ಲೂ ಯಾರಿಗೂ ಇಲ್ಲ, ಎಲ್‌ಡಿಎಲ್ 125 ಇದೆ ಅನ್ನುವ ಮೂವತ್ತೈದರ ವ್ಯಕ್ತಿಗೆ ಮುಂದಿನ ಹತ್ತು ವರ್ಷದಲ್ಲಿ ಮಾತ್ರೆಯಿಂದ ಸಿಗುವ ಲಾಭ ಸಣ್ಣದು. ಕೆಲವರು ಕಾಯೋಣ ಅನ್ನುತ್ತಾರೆ. ನಲವತ್ತು ವರ್ಷದ ಲೆಕ್ಕ ನೋಡಿ ಈಗಲೇ ಇಳಿಸೋಣ ಅಂತ ಕೆಲವರು ಅನ್ನುತ್ತಾರೆ. ಎರಡಕ್ಕೂ ಅರ್ಥವಿದೆ. ಶುಗರ್ ಇರುವ ನಲವತ್ತು ದಾಟಿದವರ ಬಗ್ಗೆ, ಒಮ್ಮೆ ಅಟ್ಯಾಕ್ ಆದವರ ಬಗ್ಗೆ ಮಾತ್ರ ಇಂಥ ಜಗಳ ಇಲ್ಲ. ವಾಟ್ಸ್ಆ್ಯಪ್ ವಿಡಿಯೊ ಈ ವ್ಯತ್ಯಾಸ ಹೇಳಲ್ಲ. ಸ್ಟೆಂಟ್ ಇರುವವರು ಅದನ್ನು ನೋಡಿ ಮಾತ್ರೆ ಬಿಡುತ್ತಾರೆ. ಅತಿ ಹೆಚ್ಚು ಹಾನಿ ಆಗುವುದು ಅವರಿಗೇ.

ಮಾತ್ರೆಯ ಖರ್ಚು ದೊಡ್ಡದಲ್ಲ. ಅಟೊರ್ವಾಸ್ಟ್ಯಾಟಿನ್ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಸ್ಟ್ಯಾಟಿನ್ ಪ್ರಮಾಣ ದುಪ್ಪಟ್ಟು ಮಾಡಿದರೆ ಎಲ್‌ಡಿಎಲ್ ಇಳಿಯುವುದು ನೂರಕ್ಕೆ ಇನ್ನೊಂದು 6 ಮಾತ್ರ. ಅದಕ್ಕೇ ಗುರಿ ಮುಟ್ಟದಿದ್ದಾಗ ಡಾಕ್ಟರು ಎಜೆಟಿಮೈಬ್ ಎಂಬ ಎರಡನೇ ಮಾತ್ರೆ ಸೇರಿಸುತ್ತಾರೆ.

ದೂರ ಮತ್ತು ಸಮಯ

ಹಾಸನದಿಂದ ಮೈಸೂರಿನ ಜಯದೇವಕ್ಕೆ ಸುಮಾರು 120 ಕಿಲೋಮೀಟರ್. ಶೃಂಗೇರಿ, ಕಳಸ, ಮೂಡಿಗೆರೆ ಕಡೆಯಿಂದಾದರೆ ಘಾಟಿ ರಸ್ತೆ, ಮಳೆಗಾಲ, ಇನ್ನೂ ದೂರ. ನಾಳ ಕಟ್ಟಿಕೊಂಡ ಮೇಲೆ ಪ್ರತಿ ನಿಮಿಷವೂ ಹೃದಯದ ಮಾಂಸ ಸಾಯುತ್ತಿರುತ್ತದೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದಕ್ಕೆ ಸಿಕ್ಕ ಒಳ್ಳೆಯ ಉತ್ತರ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಎದೆ ಬಿಗಿತ, ತಣ್ಣನೆ ಬೆವರು, ಎಡಗೈಗೋ ದವಡೆಗೋ ಹಬ್ಬುವ ನೋವು ಬಂದರೆ ಗ್ಯಾಸ್ ಅಂತ ಸೋಡಾ ಕುಡಿದು ಕಾಯದೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ನೇರ ಮೈಸೂರಿಗೇ ಹೋಗೋಣ ಅಂತ ಕಾರು ಹತ್ತಿಸಿದರೆ ದಾರಿಯಲ್ಲೇ ಆ ಸಮಯ ಕಳೆದುಹೋಗುತ್ತದೆ.

ಆದರೆ ಇಂಜೆಕ್ಷನ್ ಕೆಲಸ ಶುರುವಾಗುವುದು ಗಂಟು ಹರಿದ ಮೇಲೆ. ಅದಕ್ಕೆ ಹಿಂದಿನ ಇಪ್ಪತ್ತು ವರ್ಷವನ್ನು ನೋಡಿಕೊಳ್ಳುವವರು ಯಾರು ಅನ್ನುವ ಪ್ರಶ್ನೆಗೆ ಅಷ್ಟು ಚೆನ್ನಾದ ಉತ್ತರ ಇನ್ನೂ ಸಿಕ್ಕಿಲ್ಲ.

ಮುಂದಿನ ದಾರಿ

ವರದಿ ಬಂದ ಮೇಲೆ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಕೆಲವು ತೀರ್ಮಾನ ಹೇಳಿದರು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಸರ್ಕಾರಕ್ಕೆ ತಿಳಿಸಬೇಕು, ಮರಣೋತ್ತರ ಪರೀಕ್ಷೆ ಆಗಬೇಕು, ಶಾಲೆಯಲ್ಲಿ 15 ವರ್ಷದ ಮಕ್ಕಳ ಹೃದಯ ತಪಾಸಣೆ ನಡೆಯಬೇಕು. ಮೊದಲ ಎರಡು ಬಹಳ ಬೇಕಿದ್ದವು. ಇನ್ನು ಮೇಲಾದರೂ ನಿಜವಾದ ಲೆಕ್ಕ ಸಿಗುತ್ತದೆ, ಊಹೆಗೆ ಜಾಗ ಕಡಿಮೆಯಾಗುತ್ತದೆ.

ಮಕ್ಕಳ ತಪಾಸಣೆಯ ಬಗ್ಗೆ ಎಚ್ಚರ ಬೇಕು. ಎಲ್ಲಾ ಮಕ್ಕಳಿಗೂ ಬರೀ ಇಸಿಜಿ ಮಾಡಿದರೆ ಸುಳ್ಳು ಗಾಬರಿ ಜಾಸ್ತಿಯಾಗಬಹುದು. ನಾಳದ ಕಾಯಿಲೆ ಅಂತೂ ಆ ವಯಸ್ಸಿನಲ್ಲಿ ಇಸಿಜಿಗೆ ಕಾಣುವುದೇ ಇಲ್ಲ. ಮಕ್ಕಳ ರಕ್ತದಲ್ಲಿ ಹುಡುಕಬೇಕಾದ ಒಂದು ಕಾಯಿಲೆ ಇದೆ. ಹುಟ್ಟಿನಿಂದಲೇ ಎಲ್‌ಡಿಎಲ್ ವಿಪರೀತ ಇರುವ, ವಂಶದಲ್ಲಿ ಹರಿದುಬರುವ ಕೊಲೆಸ್ಟ್ರಾಲ್ ಕಾಯಿಲೆ. ಇದರಲ್ಲಿ ದೊಡ್ಡವರ ಎಲ್‌ಡಿಎಲ್ ಸಾಮಾನ್ಯವಾಗಿ 190 ದಾಟಿರುತ್ತದೆ. ಚಿಕಿತ್ಸೆ ಸಿಗದ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಐವತ್ತರೊಳಗೇ ಹೃದಯಾಘಾತದಂಥ ಅನಾಹುತ ಆಗುತ್ತದೆ. ಜಗತ್ತಿನಲ್ಲಿ ಸುಮಾರು 300ರಲ್ಲಿ ಒಬ್ಬರಿಗೆ ಇದು ಇದೆ. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ 17 ಲಕ್ಷ 76 ಸಾವಿರ. ಅದೇ ಲೆಕ್ಕ ಇಲ್ಲಿಗೂ ಹೊಂದುವುದಾದರೆ ಸುಮಾರು 6 ಸಾವಿರ ಜನ ಆಗುತ್ತಾರೆ. ಅವರಲ್ಲಿ ಹೆಚ್ಚಿನವರು ನೋಡಲು ತೆಳ್ಳಗೆ, ಗಟ್ಟಿಮುಟ್ಟಾಗಿಯೇ ಇರುತ್ತಾರೆ.

ಇವರನ್ನು ಹುಡುಕಲು ಇಡೀ ಜಿಲ್ಲೆಯ ರಕ್ತ ತೆಗೆಯಬೇಕಿಲ್ಲ. ಇದು ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಒಡಹುಟ್ಟಿದವರ ವಿಷಯದಲ್ಲೂ ಅದೇ ಲೆಕ್ಕ. ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತದಿಂದ ಹೋದವರ ಮನೆಗೆ ಆರೋಗ್ಯ ಸಿಬ್ಬಂದಿ ಹೋಗಿ, ಅವರ ಅಣ್ಣ ತಮ್ಮಂದಿರ, ಅಕ್ಕ ತಂಗಿಯರ, ಮಕ್ಕಳ ಲಿಪಿಡ್ ಪ್ರೊಫೈಲ್ ಮಾಡಿಸಿದರೆ ಕೆಲಸ ಅರ್ಧ ಮುಗಿಯುತ್ತದೆ. ಹಾಸನದ ಆ 20 ಮನೆಗಳ ವಿಳಾಸ ಜಿಲ್ಲೆಯ ಆರೋಗ್ಯ ಇಲಾಖೆಗೆ ಗೊತ್ತಿರುವಂಥದ್ದೇ. ಶುರು ಮಾಡಬೇಕಾದದ್ದು ಅಲ್ಲಿಂದ.